ಹಬ್ಬ ನಮ್ಮದು, ಬಾಟಲಿ ಯಾರದು?

ಆಗಸ್ಟ್ 15ರಂದು ಮದ್ಯದಂಗಡಿಗಳ ಬಾಗಿಲು ಹಾಕಿರುತ್ತದೆ. ಸ್ವಾತಂತ್ರ್ಯದ ದಿನ ಹೆಂಡ ಮಾರಬಾರದೆಂಬುದು ಸರ್ಕಾರದ ಕಟ್ಟಳೆ. ಆದರೆ 14ರ ಸಂಜೆಯ ಮಾತೇನು? ಶಿರಸಿಯ ಪೇಟೆಯಲ್ಲಿ, ಸಿದ್ದಾಪುರದ ಬಸ್ ನಿಲ್ದಾಣದ ಆಚೀಚೆ, ಯಲ್ಲಾಪುರದ ಹೆದ್ದಾರಿಯ ಬದಿಯಲ್ಲಿ, ಸುರಿಯುವ ಮಳೆಯಲ್ಲೇ ಕೊಡೆ ಹಿಡಿದು ನಿಂತ ಜನರನ್ನು ಕಂಡವರಿಗೆ ಕಟ್ಟಳೆಯ ಬೆಲೆ ಗೊತ್ತು. ನಾಳೆ ರಜೆ, ಕೈಯಲ್ಲಿ ನಾಲ್ಕು ಕಾಸಿದೆ, ಇಂದೇ ಕೊಂಡಿಟ್ಟುಕೊಂಡರಾಯಿತು. ಹೀಗೆ ರಾಷ್ಟ್ರೀಯ ಹಬ್ಬದ ಹಿಂದಿನ ದಿನವೇ ಬಿಯರ್ ವ್ಯಾಪಾರಕ್ಕೆ ಸುಗ್ಗಿಯಾಗಿದೆ.

ಕುಡಿಯುವವನಿಗೆ ಉಪದೇಶ ಮಾಡಲು ನಾವು ಈ ಅಂಕಣವನ್ನು ಬಳಸುತ್ತಿಲ್ಲ. ಇಡೀ ದಿನ ಅಡಿಕೆ ಚೀಲ ಹೊತ್ತವನಿಗೆ, ಅಕ್ಕಿ ಗಿರಣಿಯ ತೌಡಿನ ಧೂಳು ಕುಡಿದವನಿಗೆ, ಸಾಮಿಲ್ಲಿನ ಗರಗಸದ ಮುಂದೆ ನಿಂತವನಿಗೆ ಸಂಜೆಯ ಹೊತ್ತು ನೀತಿಪಾಠ ಹೇಳುವ ಅಧಿಕಾರ, ಮಧ್ಯಾಹ್ನ ಅವನ ಕೂಲಿ ಕಡಿದವನಿಗಂತೂ ಇಲ್ಲ. ಬಾಟಲಿಯಿಂದ ಮನೆಯಲ್ಲಿ ಆಗುವ ಅನಾಹುತವನ್ನು ಹೆಂಗಸರು ನಮಗಿಂತ ಚೆನ್ನಾಗಿ ಬಲ್ಲರು. ಅದನ್ನು ಅವರು ಹೇಳಿದಾಗ ತಲೆಬಾಗಿ ಕೇಳಬೇಕು. ಇಂದು ನಾವು ಎತ್ತುವ ಪ್ರಶ್ನೆ ಬೇರೆ. ಸ್ವಾತಂತ್ರ್ಯದ ಹೆಸರಿನಲ್ಲಿ ಎತ್ತುವ ಗ್ಲಾಸಿಗೆ ನಾವು ಕೊಟ್ಟ ದುಡ್ಡು ಯಾರ ಪೆಟ್ಟಿಗೆಗೆ ಹೋಗುತ್ತದೆ? ಆ ಪೆಟ್ಟಿಗೆಯ ಬೀಗದಕೈ ಯಾರ ಸೊಂಟದಲ್ಲಿದೆ?

"ಕುಡಿಯುವುದೇ ಆದರೆ ನಮ್ಮವರದನ್ನೇ ಕುಡಿಯೋಣ, ದುಡ್ಡು ನಮ್ಮಲ್ಲೇ ಉಳಿಯಲಿ" ಎಂದು ವಾದಿಸುವ ಗೆಳೆಯರಿದ್ದಾರೆ. ಮಾತು ಕೆಟ್ಟದ್ದಲ್ಲ; ಅದರಲ್ಲಿ ಸ್ವದೇಶಿಯ ಒಂದು ಕಿಡಿಯಿದೆ. ಆದರೆ ಆ "ನಮ್ಮವರು" ಯಾರೆಂದು ಒರೆಗೆ ಹಚ್ಚಿ ನೋಡಬೇಕು.

ಮೀಂಚುಳ್ಳಿ ಹಕ್ಕಿಯ ಚಿತ್ರದ ಬಾಟಲಿಯನ್ನು ಅರಿಯದವರಿಲ್ಲ. ಅದನ್ನು ತಯಾರಿಸುವ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು 1915ರಲ್ಲಿ ಕಟ್ಟಿದವನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು. ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿದ ಆ ಕಂಪನಿಯ ದೊಡ್ಡ ಗಿರಾಕಿ ಇಂಗ್ಲಿಷರ ದಂಡು. ದೇಶ ಸ್ವತಂತ್ರವಾದ 1947ರಲ್ಲೇ ವಿಠ್ಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ಮುಂದೆ ಒಡೆತನವೂ ಆ ಕುಟುಂಬದ್ದಾಯಿತು. ಬೆಂಗಳೂರಿನ ಕಂಪನಿ, ಕರಾವಳಿಯ ಮೂಲದ ಮಾಲೀಕರು, ನಮ್ಮ ರಾಜ್ಯದಲ್ಲೇ ಕಾರ್ಖಾನೆ. ದಂಡಿನ ಬಿಯರು ದೇಶದ ಬಿಯರಾಯಿತೆಂದು ಜನ ಹೆಮ್ಮೆಪಟ್ಟರೆ ಅವರನ್ನು ದೂರುವಂತಿರಲಿಲ್ಲ.

ಆಮೇಲೆ ನಡೆದುದನ್ನು ಎಲ್ಲರೂ ಕಂಡಿದ್ದೇವೆ. ಮಗ ವಿಜಯ ಮಲ್ಯ ಅದೇ ಹಕ್ಕಿಯ ಹೆಸರಿನಲ್ಲಿ ವಿಮಾನ ಹಾರಿಸಿದರು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲಕ್ಕಿಳಿದವು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರು ಬೀದಿಗಿಳಿದರು. ಸಾಲ ಕೊಟ್ಟಿದ್ದವು ಸ್ಟೇಟ್ ಬ್ಯಾಂಕ್ ಮೊದಲಾದ ಸಾರ್ವಜನಿಕ ಬ್ಯಾಂಕುಗಳು, ಎಂದರೆ ನಮ್ಮ ನಿಮ್ಮ ಠೇವಣಿ. 2016ರ ಮಾರ್ಚಿನಲ್ಲಿ ಮಾಲೀಕರು ದೇಶ ಬಿಟ್ಟರು. ಸಾಲದ ವಸೂಲಿಗಾಗಿ ಅವರ ಪಾಲಿನ ಬಿಯರ್ ಷೇರುಗಳನ್ನು 2021ರ ಜೂನಿನಲ್ಲಿ ಮಾರಲಾಯಿತು. ಕೊಂಡದ್ದು ಯಾರು? ಹಾಲೆಂಡಿನ ಹೈನೆಕೆನ್ ಕಂಪನಿ. ಅದಕ್ಕೂ ಮೊದಲೇ ದೊಡ್ಡ ಪಾಲು ಹೊಂದಿದ್ದ ಹೈನೆಕೆನ್ನಿನ ಕೈಗೆ ಅಂದಿನಿಂದ ನೂರಕ್ಕೆ 61 ಪಾಲಿಗೂ ಮಿಕ್ಕಿ ಬಂತು.

ಹಕ್ಕಿ ಅದೇ, ಚೀಟಿ ಅದೇ, ಬಾಟಲಿ ತುಂಬುವ ಕೈಗಳೂ ನಮ್ಮ ಕಾರ್ಮಿಕರವೇ. ಆದರೆ ಲಾಭದ ದೊಡ್ಡ ಪಾಲು ಸೇರುವ ಊರು ಆಮ್‌ಸ್ಟರ್‌ಡಾಮ್. ಹೆಸರು ನಮ್ಮದು, ಒಡೆತನ ಅವರದು. ಈ ಒಂದು ವಾಕ್ಯವನ್ನು ನಮ್ಮ ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಹಾಗಾದರೆ ಬೇರೆ ಬಾಟಲಿ ಎನ್ನುವಿರೇ? ಟ್ಯೂಬೋರ್ಗ್ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಂಪನಿಯದು. ನಾಕ್ ಔಟ್, ಹೇವರ್ಡ್ಸ್ ಎಂಬ ಹಳೆಯ ಹೆಸರುಗಳು ಇಂದು ಬೆಲ್ಜಿಯಮ್ಮಿನ ಎ.ಬಿ. ಇನ್‌ಬೆವ್ ಕಂಪನಿಯ ಸೊತ್ತು. ಈ ಮೂರು ಕಂಪನಿಗಳ ಕುರಿತು ಭಾರತದ ಸ್ಪರ್ಧಾ ಆಯೋಗವು 2021ರ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ಸಣ್ಣ ವ್ಯಾಪಾರಿಯೂ ತಿಳಿದಿರಬೇಕು. 2009ರಿಂದ 2018ರವರೆಗೆ ಇವು ಒಳಗೊಳಗೇ ಕೈಜೋಡಿಸಿ, ಹಲವು ರಾಜ್ಯಗಳಲ್ಲಿ ಬಿಯರಿನ ಬೆಲೆಯನ್ನು ಹೊಂದಿಸಿಕೊಂಡಿದ್ದವೆಂದು ಆಯೋಗ ಹೇಳಿತು. ಯುನೈಟೆಡ್ ಬ್ರೂವರೀಸಿಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗಿಗೆ ಸುಮಾರು 121 ಕೋಟಿ ರೂಪಾಯಿ ದಂಡ ಬಿತ್ತು. ಗುಟ್ಟು ಹೊರಹಾಕಿದ ಮೂರನೆಯ ಕಂಪನಿ ದಂಡದಿಂದ ಪಾರಾಯಿತು. ಶಿರಸಿಯ ತರಕಾರಿ ಮಾರುವ ನಾಲ್ವರು ಹೆಂಗಸರು ಒಟ್ಟು ಸೇರಿ ಬೆಂಡೆಕಾಯಿಗೆ ಎರಡು ರೂಪಾಯಿ ಏರಿಸಿದರೆ ಊರೆಲ್ಲ ಗದ್ದಲವೆದ್ದೀತು. ಒಂಬತ್ತು ವರ್ಷ ಹೀಗೆ ಬೆಲೆ ಕಟ್ಟಿದವರ ಬಾಟಲಿಯನ್ನು ಮಾತ್ರ ಸುಮ್ಮನೆ ಕೊಂಡೆವು.

ಬಿಯರಿಗೆ ಕೊಟ್ಟ ದುಡ್ಡೆಲ್ಲ ಕಂಪನಿಗೇ ಹೋಗುತ್ತದೆಂದು ನಾವು ಹೇಳುತ್ತಿಲ್ಲ. ಅದರಲ್ಲಿ ರಾಜ್ಯ ಸರ್ಕಾರದ ಅಬಕಾರಿ ಸುಂಕ ಭಾರಿಯಾದದ್ದು. 2023ರ ಜುಲೈ ಬಜೆಟ್ಟಿನಲ್ಲಿ ಬಿಯರಿನ ಹೆಚ್ಚುವರಿ ಸುಂಕವನ್ನು ನೂರಕ್ಕೆ 175ರಿಂದ 185ಕ್ಕೆ ಏರಿಸಿದ್ದುಂಟು. ಆ ಪಾಲು ಬೆಂಗಳೂರಿಗೆ ಹೋಗಿ ರಸ್ತೆಯಾಗಿಯೋ ಶಾಲೆಯಾಗಿಯೋ ಅಷ್ಟಿಷ್ಟು ಮರಳಿ ಬಂದೀತು. ಆದರೆ ನಮ್ಮ ಮೂರು ತಾಲೂಕುಗಳಲ್ಲಿ ಉಳಿಯುವುದೆಷ್ಟು? ಅಂಗಡಿಯ ಬಾಡಿಗೆ, ಮಾರುವ ಹುಡುಗನ ಸಂಬಳ, ಮಾಲೀಕನ ಕಮಿಷನ್, ಅಷ್ಟೇ. ಇಲ್ಲಿ ಬಾರ್ಲಿ ಬೆಳೆಯುವುದಿಲ್ಲ. ಅದು ರಾಜಸ್ಥಾನದ ಕಡೆಯ ಬೆಳೆ. ಇಲ್ಲಿ ಬಿಯರ್ ಕಾರ್ಖಾನೆಯೂ ಇಲ್ಲ. ಅಂಗಡಿಯಲ್ಲೇ ಬಿಯರು ಕಾಸಿ ಬಡಿಸುವ ಸ್ಥಳೀಯ ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ನಿಜ. ಆದರೆ ಆ ಮೇಜಿನ ಒಂದು ಗ್ಲಾಸಿನ ಬೆಲೆ ನಮ್ಮ ಹಮಾಲನ ಅರ್ಧ ದಿನದ ಕೂಲಿ.

ಇಲ್ಲಿ ಇನ್ನೊಂದು ಮಾತು ಬರುತ್ತದೆ. ಮಾಲೀಕ ನಮ್ಮವನಾದರೆ ಸಾಕೆ? ತಂಪು ಪಾನೀಯದ ಕಥೆಯನ್ನು ನೆನೆಯೋಣ. 1977ರಲ್ಲಿ ಜನತಾ ಸರ್ಕಾರ ಬಂದಾಗ ಕೈಗಾರಿಕಾ ಮಂತ್ರಿಯಾದವರು ಮಂಗಳೂರಿನ ಸಮಾಜವಾದಿ ಜಾರ್ಜ್ ಫರ್ನಾಂಡಿಸ್. ವಿದೇಶಿ ಪಾಲನ್ನು ನೂರಕ್ಕೆ 40ಕ್ಕೆ ಇಳಿಸು, ತಯಾರಿಕೆಯ ವಿದ್ಯೆಯನ್ನು ಈ ದೇಶಕ್ಕೆ ಕೊಡು ಎಂದು ಕೋಕಾ-ಕೋಲಾ ಕಂಪನಿಗೆ ಕಾನೂನು ತೋರಿಸಿದಾಗ ಕಂಪನಿ ಗಂಟುಮೂಟೆ ಕಟ್ಟಿತು. ಆ ಜಾಗಕ್ಕೆ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ರೂಪಿಸಿದ ಪಾನೀಯವನ್ನು ಸರ್ಕಾರಿ ಮಾಡರ್ನ್ ಬೇಕರೀಸ್ "ಡಬಲ್ ಸೆವೆನ್" ಎಂಬ ಹೆಸರಿನಲ್ಲಿ ತಂದಿತು. ಪಾರ್ಲೆಯವರ ಥಮ್ಸ್ ಅಪ್ ಬಂತು, ಗೋಲ್ಡ್ ಸ್ಪಾಟ್ ಹಬ್ಬಿತು. ಹದಿನಾರು ವರ್ಷ ದೇಶದ ಬಾಯಾರಿಕೆಯನ್ನು ದೇಶದವರೇ ತಣಿಸಿದರು.

1993ರಲ್ಲಿ ಬಾಗಿಲು ತೆರೆಯಿತು. ಕೋಕಾ-ಕೋಲಾ ಮರಳಿ ಬಂದದ್ದೇ ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟುಗಳನ್ನು ಅವುಗಳ ದೇಶೀ ಮಾಲೀಕರಿಂದಲೇ ಕೊಂಡುಕೊಂಡಿತು. ಯಾರೂ ಕೋವಿ ತೋರಿಸಲಿಲ್ಲ. ಒಂದು ಸಹಿ ಸಾಕಾಯಿತು. ಥಮ್ಸ್ ಅಪ್ಪಿನಲ್ಲಿ ಲಾಭದ ಆಸೆಯಿಂದ ಮಾರಾಟ, ಹಕ್ಕಿಯ ಬಿಯರಿನಲ್ಲಿ ಸಾಲದ ಹೊರೆಯಿಂದ ಮಾರಾಟ. ಕಾರಣ ಎರಡು, ಕೊನೆ ಒಂದೇ. ಒಬ್ಬನ ಕೈಯಲ್ಲಿರುವ ಸೊತ್ತನ್ನು ಒಬ್ಬನೇ ಮಾರಬಲ್ಲ. ಮಾಲೀಕ ನಮ್ಮ ಜಿಲ್ಲೆಯವನೆಂಬ, ನಮ್ಮ ಭಾಷೆಯವನೆಂಬ ಅಭಿಮಾನ ಮಾರಾಟದ ದಿನ ಯಾವ ಕೆಲಸಕ್ಕೂ ಬಾರದು. ಒಡೆತನ ಹಲವರದ್ದಾಗಿ, ಆ ಹಲವರು ದುಡಿಯುವವರೇ ಆಗಿದ್ದರೆ ಮಾತ್ರ ವಸ್ತು ಊರಿನಲ್ಲಿ ನಿಂತೀತು.

ಇದು ಪುಸ್ತಕದ ಮಾತಲ್ಲ. ಶಿರಸಿಯ ಜನಕ್ಕೆ ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಅಡಿಕೆ ಬೆಳೆದವನು ದಲಾಲಿಯ ತಕ್ಕಡಿಗೂ ಅವನ ಮುಂಗಡಕ್ಕೂ ಕಟ್ಟುಬಿದ್ದಿದ್ದ ಕಾಲದಲ್ಲಿ, 1923ರಲ್ಲಿ, ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿತು. ಟಿ.ಎಸ್.ಎಸ್. ಎಂದು ನಾವು ಕರೆಯುವ ಆ ಸಂಘ ನೂರು ವರ್ಷ ದಾಟಿದೆ. ಅದನ್ನು ಯಾವ ಹಾಲೆಂಡಿನ ಕಂಪನಿಯೂ ಒಂದು ಸಹಿಯಿಂದ ಕೊಂಡಿಲ್ಲ, ಕೊಳ್ಳಲಾರದು. ಅದರಲ್ಲಿ ಕೊರತೆಯಿಲ್ಲವೆ? ಇದೆ. ಅದು ತೋಟವುಳ್ಳವರ ಸಂಘ; ಅಡಿಕೆ ಸುಲಿಯುವ ಹೆಂಗಸರ, ಚೀಲ ಹೊರುವ ಹಮಾಲರ ಸಂಘವಲ್ಲ. ಆ ಕೊರತೆ ತುಂಬುವುದು ಮುಂದಿನ ಕೆಲಸ. ಆದರೆ ದಾರಿ ಯಾವುದೆಂಬುದು ಆಗಲೇ ನಿಶ್ಚಯವಾಗಿದೆ.

ಈಗ ಹಬ್ಬದ ಗ್ಲಾಸಿಗೆ ಬರೋಣ. ಈ ಮೂರು ತಾಲೂಕುಗಳ ಕುಡಿಯುವ ಪದಾರ್ಥ ಯಾರದೆಂಬ ಪ್ರಶ್ನೆ ಹೊಸದಲ್ಲ. ನಮ್ಮ ನೆಲದ ಬಿಯರು ಎಂದರೆ ಬೈನೆ ಮರದ ಕಳ್ಳು. ಇಂಗ್ಲಿಷರ 1878ರ ಅಬಕಾರಿ ಕಾಯಿದೆ ಮರಕ್ಕೆ ಸುಂಕ ಹಾಕಿತು, ಇಳಿಸುವ ಹಕ್ಕನ್ನು ಪರವಾನಗಿಗೆ ಕಟ್ಟಿತು, ಮಾರುವ ಹಕ್ಕನ್ನು ಹರಾಜಿಗೆ ಇಟ್ಟಿತು. ಮರ ಹತ್ತುವವನು ಮರದ ಒಡೆಯನಾಗಿ ಉಳಿಯಲಿಲ್ಲ; ಗುತ್ತಿಗೆದಾರನ ಆಳಾದ. ಆದುದರಿಂದಲೇ 1930ರ ಸತ್ಯಾಗ್ರಹದಲ್ಲಿ ಈ ಜಿಲ್ಲೆಯ ಜನ ಹೆಂಡದಂಗಡಿಗಳ ಎದುರು ಪಿಕೆಟಿಂಗಿಗೆ ನಿಂತರು. ಅವರ ಸಿಟ್ಟು ಕುಡುಕನ ಮೇಲಿರಲಿಲ್ಲ, ಕುಡುಕನ ಕಾಸಿನಿಂದ ತುಂಬುವ ಸರ್ಕಾರದ ಬೊಕ್ಕಸದ ಮೇಲಿತ್ತು. ಮುಂದೆ ಕರನಿರಾಕರಣೆ ನಡೆದಾಗ ಸಿದ್ದಾಪುರ ಸೀಮೆಯ ರೈತರ ಜಮೀನು ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆಯ ಎದುರು ನಮ್ಮ ತಾಯಂದಿರು ಉಪವಾಸ ಕುಳಿತರು. ಮಾವಿನಗುಂಡಿಯ ಸ್ಮಾರಕ ಇಂದಿಗೂ ಅವರ ನೆನಪು ಹೇಳುತ್ತದೆ. ಕೊಳ್ಳುವುದೂ ಒಂದು ರಾಜಕೀಯ ಕೃತ್ಯ, ಕೊಳ್ಳದಿರುವುದೂ ಒಂದು ರಾಜಕೀಯ ಕೃತ್ಯ ಎಂಬುದನ್ನು ಆ ತಾಯಂದಿರು ನಮಗೆ ಕಲಿಸಿ ಹೋಗಿದ್ದಾರೆ.

ಆ ಹೋರಾಟದಿಂದ ಮರ ಹತ್ತುವವನ ಹೊಟ್ಟೆಗೂ ಪೆಟ್ಟು ಬಿತ್ತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆಮೇಲೆ ಮುಂಬಯಿ ರಾಜ್ಯದ ಪಾನನಿರೋಧ ಬಂತು, ರಾಜ್ಯ ಬದಲಾಯಿತು, 1967ರಲ್ಲಿ ಪಾನನಿರೋಧ ಹೋಯಿತು, 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಪ್ರತಿಯೊಂದು ತಿರುವಿನಲ್ಲೂ ಊರಿನ ಪಾನೀಯ ಹಿಂದೆ ಸರಿದು ಕಂಪನಿಯ ಬಾಟಲಿ ಮುಂದೆ ಬಂದಿತು.

ಆದರೂ ನಮ್ಮ ಕೈ ಬರಿದಾಗಿಲ್ಲ. ಮನೆಗೆ ಬಂದವರಿಗೆ "ಆಸರಿಗೆ ಏನು ಕೊಡಲಿ?" ಎಂದು ಕೇಳುವ ಸೀಮೆ ನಮ್ಮದು. ಜನವರಿ 26ರ ಗಣರಾಜ್ಯ ದಿನದ ಹೊತ್ತಿಗೆ ಊರೂರಲ್ಲಿ ಆಲೆಮನೆಯ ಕಾಲ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಅಲ್ಲೇ ಶುಂಠಿ, ಲಿಂಬೆ ಹಿಂಡಿ ಕುಡಿದವರಿಗೆ ಬೇರೆ ಹೊಗಳಿಕೆ ಬೇಕಿಲ್ಲ. ಆಗಸ್ಟ್ 15ರ ಹೊತ್ತಿಗೆ ಭರಣಿಯಲ್ಲಿ ಮುರುಗಲು ಸಿದ್ಧವಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುವ ಮುರುಗಲನ್ನು ಮಳೆ ಹಿಡಿಯುವ ಮುನ್ನ ಕೊಯ್ದು, ಹೋಳು ಮಾಡಿ, ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಯಲ್ಲಿಟ್ಟರೆ ಕೆಂಪು ರಸ ತಾನೇ ಬಿಡುತ್ತದೆ. ಬೀಜವನ್ನೂ ಎಸೆಯುವಂತಿಲ್ಲ, ಅದರ ತುಪ್ಪ ಒಡೆದ ಹಿಮ್ಮಡಿಗೆ ಮದ್ದು, ಕಾರ್ಖಾನೆಗಳಿಗೆ ಕಚ್ಚಾಮಾಲು. ಉಪ್ಪು, ಜೀರಿಗೆ ಹಾಕಿದ ಒಂದು ಲೋಟ ಮುರುಗಲಿನ ಪಾನಕ ಮೆರವಣಿಗೆಯಲ್ಲಿ ದಣಿದ ಶಾಲೆಯ ಮಕ್ಕಳಿಗೂ ಆದೀತು, ಗಿರಣಿಯ ಮುದುಕನಿಗೂ ಆದೀತು.

ಸಕ್ಕರೆ ನಮ್ಮದೇ ಎಂದು ಯಾರಾದರೂ ಕೇಳಿಯಾರು. ಸಕ್ಕರೆ ಹೊರಗಿನದೇ, ಒಪ್ಪೋಣ. ಜೋನಿ ಬೆಲ್ಲ ಹಾಕಿದರೆ ಬಣ್ಣ ಕಪ್ಪಾದೀತು, ರುಚಿ ಕೆಡದು. ಪೂರ್ತಿ ನಮ್ಮದೇ ಆದ ವಸ್ತು ಇಂದಿನ ಪ್ರಪಂಚದಲ್ಲಿ ಸಿಗುವುದು ಕಷ್ಟ. ಆದರೆ ಹತ್ತರಲ್ಲಿ ಒಂದಾಣೆ ಊರಲ್ಲಿ ಉಳಿಯುವುದಕ್ಕೂ ಎಂಟಾಣೆ ಉಳಿಯುವುದಕ್ಕೂ ವ್ಯತ್ಯಾಸವಿದೆಯಷ್ಟೆ.

ಆದರೆ ಮುರುಗಲು ಊರಿನದಾದ ಮಾತ್ರಕ್ಕೆ ಅದು ನ್ಯಾಯದ ವಸ್ತುವಾಗುವುದಿಲ್ಲ. ಹಣ್ಣು ಹೆಕ್ಕುವವರು ಯಾರು? ಬೆಳಗಾಗುವ ಮೊದಲೇ ಕಾಡು ಹೊಗುವ ಹೆಂಗಸರು, ಮಕ್ಕಳು. ಯಲ್ಲಾಪುರದ ಕಡೆ ಸಿದ್ದಿಗಳು, ಕುಣಬಿಗಳು, ಗೌಳಿಗರು. ಅವರ ಬುಟ್ಟಿಗೆ ಬೆಲೆ ಕಟ್ಟುವವನು ಕಾಡಿನ ಅಂಚಿನಲ್ಲಿ ನಿಂತ ವ್ಯಾಪಾರಿ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನವನ್ನು ಹೆಕ್ಕುವ, ಮಾರುವ ಒಡೆತನದ ಹಕ್ಕನ್ನು ಅರಣ್ಯವಾಸಿಗಳದೆಂದು ಬರೆದಿದೆ. ಕಾಗದದ ಮೇಲೆ ಮರದ ಹಣ್ಣು ಅವರದು. ತಕ್ಕಡಿ ಮಾತ್ರ ಇನ್ನೂ ಬೇರೆಯವರದು. ಬಿಯರಿನ ಕಥೆಯೂ ಮುರುಗಲಿನ ಕಥೆಯೂ ಇಲ್ಲಿ ಬಂದು ಒಂದಾಗುತ್ತವೆ. ಹಣ್ಣು ಹೆಕ್ಕುವವನು ಒಡೆಯನಲ್ಲವಾದರೆ ಚೀಟಿಯ ಮೇಲೆ ಯಾವ ಹಕ್ಕಿ ಕೂತರೇನು?

ಆದುದರಿಂದ ನಾವು ಕೆಲವು ಬೇಡಿಕೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಶಿರಸಿ ನಗರಸಭೆಗೆ, ಸಿದ್ದಾಪುರ, ಯಲ್ಲಾಪುರದ ಪಟ್ಟಣ ಪಂಚಾಯತಿಗಳಿಗೆ, ತಾಲೂಕು ಕಚೇರಿಗಳಿಗೆ. ಧ್ವಜವಂದನೆಯ ಸಮಾರಂಭದಲ್ಲಿ ಕಂಪನಿಯ ಪ್ಲಾಸ್ಟಿಕ್ ಬಾಟಲಿ ಹಂಚುವುದನ್ನು ನಿಲ್ಲಿಸಿ. ಸರ್ಕಾರದ ಖರ್ಚಿನ ಪಾನೀಯ ಊರಿನ ಮಹಿಳಾ ಸಂಘಗಳಿಂದಲೂ ಸಹಕಾರಿಗಳಿಂದಲೂ ಬರಲಿ. ದಾನವೆಂದು ಕೇಳಬೇಡಿ, ನ್ಯಾಯವಾದ ದರ ಕೊಟ್ಟು ಕೊಳ್ಳಿ, ಬಿಲ್ಲನ್ನು ಆರು ತಿಂಗಳು ತಡೆಯಬೇಡಿ.

ಎರಡನೆಯದು, ಸಹಕಾರಿ ಸಂಘಗಳಿಗೆ. ಅಡಿಕೆಗೆ ನೂರು ವರ್ಷದ ಹಿಂದೆ ಆದದ್ದು ಮುರುಗಲಿಗೆ ಏಕೆ ಆಗಬಾರದು? ಏಪ್ರಿಲ್ ಬರುವ ಮೊದಲೇ ಹಣ್ಣಿನ ಕನಿಷ್ಠ ದರವನ್ನು ಬೋರ್ಡಿನ ಮೇಲೆ ಬರೆಯಿರಿ. ಹೆಕ್ಕುವವರನ್ನು ಗಿರಾಕಿಗಳಾಗಿ ಕಾಣದೆ ಸದಸ್ಯರನ್ನಾಗಿ ಮಾಡಿಕೊಳ್ಳಿ. ಜಮೀನಿನ ಪಹಣಿ ಇಲ್ಲದವನಿಗೂ ಮತವಿರಲಿ.

ಮೂರನೆಯದು, ನಮ್ಮ ಅಂಗಡಿಕಾರ ಬಂಧುಗಳಿಗೆ. ಕೋಲಾ ಕಂಪನಿಯ ಗಾಜಿನ ಬಾಗಿಲಿನ ಫ್ರಿಜ್ಜು ನಿಮ್ಮ ಅಂಗಡಿಯಲ್ಲಿದೆ. ಕರೆಂಟು ಬಿಲ್ಲು ನಿಮ್ಮದು, ಒಳಗಿನ ಸಾಲು ಅವರದು. ಆ ಫ್ರಿಜ್ಜಿನ ಕಟ್ಟುಪಾಡು ನಮಗೆ ಗೊತ್ತು. ಅದನ್ನು ಹೊರಗೆ ಎಸೆಯಿರಿ ಎಂದು ಹೇಳುವಷ್ಟು ನಾವು ಅವಿವೇಕಿಗಳಲ್ಲ. ಆದರೆ ಗಲ್ಲೆಯ ಮೇಲಿನ ಒಂದು ಮೊಳ ಜಾಗ ಇನ್ನೂ ನಿಮ್ಮದೇ. ಅಲ್ಲಿ ಹತ್ತು ಬಾಟಲಿ ಮುರುಗಲಿಡಿ, ಒಂದು ಹೂಜಿ ತಣ್ಣೀರಿಡಿ, ಲೋಟಕ್ಕೆ ಇಷ್ಟು ಎಂದು ಸೀಸದಕಡ್ಡಿಯಲ್ಲಿ ಬರೆದು ತೂಗುಹಾಕಿ. ದೊಡ್ಡ ಕಂಪನಿಯ ಸರಕಿನಲ್ಲಿ ನಿಮಗೆ ಸಿಗುವ ಕಮಿಷನ್ನನ್ನು ಅವರು ಗೊತ್ತುಮಾಡುತ್ತಾರೆ. ಊರಿನ ಸರಕಿನಲ್ಲಿ ನೀವೂ ತಯಾರಿಸಿದವರೂ ಎದುರುಬದುರು ಕೂತು ಮಾತಾಡಬಹುದು.

ನಾಲ್ಕನೆಯದು, ಗಿರಣಿಯ ಮಾಲೀಕರಿಗೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕುರಿತ ನಮ್ಮ ರಾಜ್ಯದ 1963ರ ಕಾಯಿದೆಯ ಪ್ರಕಾರ ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಸಂಬಳ ಸಹಿತ ರಜೆಗಳು. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯೊಡನೆ ಬೇರೊಂದು ದಿನ ಸಂಬಳದ ರಜೆ ಕೊಡಬೇಕು. ಬೆಳಿಗ್ಗೆ ಧ್ವಜ ಏರಿಸಿ, ಎರಡು ಚಾಕಲೇಟು ಹಂಚಿ, ಒಂಬತ್ತು ಗಂಟೆಗೆ ಯಂತ್ರ ಚಾಲೂ ಮಾಡಿ, ಶನಿವಾರ ಒಂದೇ ಪಟ್ಟಿನ ಕೂಲಿ ಎಣಿಸುವ ಚಾಳಿ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಅದು ನಿಲ್ಲಬೇಕು. ತನ್ನ ರಜೆಯ ಕೂಲಿಯನ್ನೇ ಕಾಣದವನಿಗೆ ಯಾವ ಪಾನೀಯ ಕೊಳ್ಳಬೇಕೆಂದು ಹೇಳುವುದು ಅಪಹಾಸ್ಯವಾದೀತು.

ಕೊನೆಯ ಮಾತು ಗಿರಣಿಯ, ಮಂಡಿಯ, ಸಾಮಿಲ್ಲಿನ ನಮ್ಮ ಸಂಗಾತಿಗಳಿಗೆ. 14ರ ಸಂಜೆ ನೀವು ಸಾಲಿನಲ್ಲಿ ನಿಂತರೆ ನಾವು ಬಂದು ಕೈ ಹಿಡಿದು ಎಳೆಯುವುದಿಲ್ಲ. ಆದರೆ ಬಾಟಲಿ ಕೈಗೆ ಬಂದಾಗ ಚೀಟಿಯ ಸಣ್ಣ ಅಕ್ಷರವನ್ನೊಮ್ಮೆ ಓದಿ. ಒಂದು ಬಾಟಲಿ ಬಿಯರಿನ ದುಡ್ಡಿನಲ್ಲಿ ಮನೆಮಂದಿಯೆಲ್ಲ ಕುಡಿಯುವಷ್ಟು ಮುರುಗಲು ಬಂದೀತು. ಹೆಂಡತಿ ಮಕ್ಕಳಿಗೂ ಹಬ್ಬವಾದೀತು. ದೊಡ್ಡ ಕಂಪನಿಗಳು ಇದರಿಂದ ಮುಳುಗಿಹೋಗುತ್ತವೆಂಬ ಭ್ರಮೆ ನಮಗಿಲ್ಲ. ಆದರೆ ಯಲ್ಲಾಪುರದ ಕಾಡಂಚಿನ ಒಂದು ಮನೆಗೆ ಮಳೆಗಾಲದ ಅಕ್ಕಿ ಅದರಿಂದ ಬಂದೀತು, ಶಿರಸಿಯ ಒಂದು ಪುಟ್ಟ ಅಂಗಡಿಯ ದೀಪ ಉರಿದೀತು.

ಧ್ವಜವಂದನೆ ಮುಗಿಸಿ ಬರುವಾಗ ದಾರಿಯ ಅಂಗಡಿಯ ಮುಂದೆ ನಿಂತು "ಮುರುಗಲು ಇದೆಯೇ?" ಎಂದು ಕೇಳಿ. ಇದೆಯೆಂದರೆ ಕುಡಿಯಿರಿ, ದುಡ್ಡು ಕೊಡಿ. ಇಲ್ಲವೆಂದರೆ ಜಗಳ ಬೇಡ. "ಜನವರಿ 26ಕ್ಕಾದರೂ ಇಡಿ, ನಾವು ಹತ್ತು ಜನ ಬರುತ್ತೇವೆ" ಎಂದು ಹೇಳಿ ಬನ್ನಿ. ಹೇಳಿದ ಮೇಲೆ ಹತ್ತು ಜನವೂ ಹೋಗಬೇಕು.